ಸಮಾಜಕಾರ್ಯದ ಸಂಶೋಧನೆಗೆ ಗ್ರಂಥಾಲಯಗಳಲ್ಲಿ ಆಕರಗಳನ್ನು ಅರಸುವ ವಿಚಾರ

(ಸಿಂಧಘಟ್ಟದಲ್ಲಿ ಶ್ರೀಮಠದ ಭಕ್ತರೂ ಶಿಷ್ಯರೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ)

 ಮಹೋತ್ಸವದ ಸಭೆಯಲ್ಲಿ ಗ್ರಂಥಾಲಯದ ಮಾತೇತಕ್ಕೆ ಎಂದು ಕೆಲವರಿಗೆ ತೋರಬಹುದು. ಮಂಗಳವಾದ್ಯವೂ ಪ್ರಸಾದದ ಪರಿಮಳವೂ ಇರುವ ಕಡೆಯಲ್ಲಿ ಹಳೆಯ ಕಾಗದದ ಧೂಳನ್ನು ಕೊಡಹುವವನಿಗೆ ಅಷ್ಟಾಗಿ ಆದರ ದೊರೆಯಲಾರದೆಂಬುದನ್ನು ನಾನು ಬಲ್ಲೆನು. ಆದರೆ ಶಿಷ್ಯವರ್ಗದ ಮಕ್ಕಳಲ್ಲಿ ಹಲವರು ಈಗ ಸಮಾಜಕಾರ್ಯವೆಂಬ ಶಾಸ್ತ್ರವನ್ನು ಓದುತ್ತಿರುವರು. ಓದಿನ ಕಡೆಯಲ್ಲಿ ಒಂದು ಪ್ರಬಂಧವನ್ನು ಬರೆಯಬೇಕೆಂದು ಅವರಿಗೆ ವಿಧಿಸಿದೆ. ಆಗ ಅವರು ಗ್ರಂಥಾಲಯಕ್ಕೆ ಬರುವರು. ಬಂದು, ಬಹುಮಟ್ಟಿಗೆ ಬರಿಗೈಯಲ್ಲಿ ಹಿಂದಿರುಗುವರು. ನನ್ನ ಆಯುಷ್ಯದ ಬಹುಭಾಗವನ್ನು ಗ್ರಂಥಪಾಲಕನಾಗಿ ಕಳೆದ ನಾನು ಈ ಬರಿಗೈಯನ್ನು ಎಷ್ಟೋ ಸಲ ಕಂಡಿದ್ದೇನೆ. ಅದರ ಕಾರಣವನ್ನು ಹೇಳುವುದಕ್ಕಾಗಿಯೇ ಇಲ್ಲಿ ನಿಂತಿದ್ದೇನೆ.

ಇತ್ತೀಚೆಗೆ ಇದೇ ಕೃಷ್ಣರಾಜಪೇಟೆ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ನನ್ನ ಬಳಿಗೆ ಬಂದಿದ್ದಳು. ೨೦೨೦ನೆಯ ಇಸವಿಯ ಮೇ ತಿಂಗಳಿನಲ್ಲಿ, ಮಹಾವ್ಯಾಧಿಯ ದೆಸೆಯಿಂದ ದುಡಿಮೆಯನ್ನು ಕಳೆದುಕೊಂಡು, ಮುಂಬಯಿಯಿಂದ ಈ ತಾಲ್ಲೂಕಿಗೆ ಮರಳಿ ಬಂದ ಜನರನ್ನು ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಪ್ರತ್ಯೇಕವಾಗಿ ಇರಿಸಿದ್ದುದು ತಮಗೆಲ್ಲ ನೆನಪಿರುವ ಸಂಗತಿಯೇ ಸರಿ. ಅವರನ್ನು ಊರವರು ಹೇಗೆ ಕಂಡರು, ಯಾರು ಅನ್ನವಿಟ್ಟರು, ಯಾರು ಬಾಗಿಲನ್ನು ಮುಚ್ಚಿದರು, ಮತ್ತೆ ಅವರು ಮುಂಬಯಿಗೆ ಹೋದರೋ ಇಲ್ಲಿಯೇ ನಿಂತರೋ ಎಂಬುದನ್ನು ಆಕೆಯು ಪರಿಶೋಧಿಸಬೇಕೆಂದಿದ್ದಳು. ವಿಷಯವು ಉತ್ತಮವಾದುದು. ಆದರೆ ಆಕೆಗೆ ಗ್ರಂಥಾಲಯದಲ್ಲಿ ದೊರೆತದ್ದೇನು? ಸಮಾಜಕಾರ್ಯವೆಂದು ಹಣೆಪಟ್ಟಿ ಇರುವ ಕಪಾಟಿನಲ್ಲಿ, ವ್ಯಕ್ತಿಯೊಡನೆ ಸಂದರ್ಶನವನ್ನು ನಡೆಸುವ ಕ್ರಮವನ್ನು ಬೋಧಿಸುವ ಕೆಲವು ಅಮೆರಿಕದ ಪಠ್ಯಪುಸ್ತಕಗಳು, ಮತ್ತು ಅವುಗಳನ್ನು ಅನುಸರಿಸಿ ನಮ್ಮ ದೇಶದಲ್ಲಿ ಬರೆದ ಇನ್ನು ಕೆಲವು. ಕೃಷ್ಣರಾಜಪೇಟೆಯ ಹೆಸರು ಅವುಗಳಲ್ಲಿ ಎಲ್ಲಿಂದ ಬರಬೇಕು! "ನಮ್ಮ ಕಡೆಯ ವಿಷಯವಾಗಿ ಯಾರೂ ಏನೂ ಬರೆದಿಲ್ಲ, ತಾತ" ಎಂದು ಆಕೆಯು ಖಿನ್ನಳಾಗಿ ನುಡಿದಳು. ಇದು ಸರಿಯಾದ ಮಾತಲ್ಲ. ಬರೆದಿರುವುದು ಹೇರಳವಾಗಿದೆ, ಆದರೆ ಸಮಾಜಕಾರ್ಯವೆಂಬ ಹೆಸರಿನಿಂದ ಅದನ್ನು ಬರೆದಿಲ್ಲ.

ಈ ಶಾಸ್ತ್ರವು ನಮ್ಮ ವಿದ್ಯಾಲಯಗಳಿಗೆ ಬಂದುದು ಇತ್ತೀಚೆಗೆ. ಮುಂಬಯಿಯಲ್ಲಿ ಟಾಟಾ ಅವರ ಹೆಸರಿನ ವಿದ್ಯಾಶಾಲೆಯು ೧೯೩೬ರಲ್ಲಿ ಸ್ಥಾಪಿತವಾಯಿತು. ನಮ್ಮ ಸೀಮೆಯಲ್ಲಿ ಮಂಗಳೂರಿನ ರೋಶನಿ ನಿಲಯವು ೧೯೬೦ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಈ ನಾಡಿನಲ್ಲಿ ಹಸಿದವನಿಗೆ ಅನ್ನವಿಕ್ಕುವವರೂ, ಅನಾಥನಿಗೆ ಆಸರೆಯಾಗುವವರೂ ಇರಲಿಲ್ಲವೇ? ಇದ್ದರು, ಅವರ ಕೆಲಸಕ್ಕೆ ಬೇರೆ ಹೆಸರುಗಳಿದ್ದುವು. ದಾಸೋಹ, ಧರ್ಮಾರ್ಥ, ಲೋಕೋಪಕಾರ, ಸಮಾಜಸೇವೆ ಎಂಬಿವು ಜನರ ಮಾತುಗಳು. ಕ್ಷಾಮಪರಿಹಾರ, ನೈರ್ಮಲ್ಯ, ಮುಜರಾಯಿ, ಹಿಂದುಳಿದ ವರ್ಗಗಳ ಏಳಿಗೆ ಎಂಬಿವು ಸರ್ಕಾರದ ಮಾತುಗಳು. ಗ್ರಂಥಪಾಲಕನು ಪುಸ್ತಕಕ್ಕೆ ಅಂಕವನ್ನು ಹಾಕುವಾಗ ಅದರ ಹೆಸರನ್ನೂ ಹುರುಳನ್ನೂ ನೋಡುವನೇ ಹೊರತು, ಮುಂದೆ ಯಾವ ವಿದ್ಯಾರ್ಥಿಗೆ ಅದು ಬೇಕಾದೀತೆಂಬುದನ್ನು ಅರಿಯನು. ಆದುದರಿಂದ ದಶಮಾಂಶ ಪದ್ಧತಿಯ ಗ್ರಂಥಾಲಯದಲ್ಲಿ ಸಮಾಜಕಾರ್ಯವು ೩೬೧ನೆಯ ಅಂಕದಲ್ಲಿದ್ದರೆ, ಊರು ಬಿಟ್ಟು ಊರಿಗೆ ಹೋಗುವ ಜನರ ವಿಚಾರವು ೩೦೪ರಲ್ಲಿಯೂ, ಕೂಲಿಕಾರರ ವಿಚಾರವು ೩೩೧ರಲ್ಲಿಯೂ, ಸಾಂಕ್ರಾಮಿಕಗಳ ವಿಚಾರವು ೬೧೪ರಲ್ಲಿಯೂ ಇರುವುದು. ಆ ಹುಡುಗಿಗೆ ಬೇಕಾಗಿದ್ದ ಪುಸ್ತಕಗಳು ಈ ನಾಲ್ಕು ಕಡೆಗಳಲ್ಲಿ ಹಂಚಿಹೋಗಿ, ಒಂದರ ಮುಖವನ್ನು ಇನ್ನೊಂದು ನೋಡದೆ ಕುಳಿತಿದ್ದುವು. ಒಂದೇ ಕಪಾಟಿನ ಮುಂದೆ ನಿಂತು ಹಿಂದಿರುಗುವುದು, ಸಂತೆಗೆ ಹೋಗಿ ಉಪ್ಪಿನ ಅಂಗಡಿಯಲ್ಲಿ ಬೆಲ್ಲವಿಲ್ಲವೆಂದು ಮನೆಗೆ ಬಂದಂತೆ.

ವಿಷಯಗಳ ಹೆಸರು ಹೀಗೆ ಹಲವಾದುವೆಂದರೆ, ಊರುಗಳ ಹೆಸರಿನ ತೊಡಕು ಅದಕ್ಕಿಂತ ದೊಡ್ಡದು. ನಾವು ಈಗ ಮಂಡ್ಯ ಜಿಲ್ಲೆಯಲ್ಲಿರುವೆವು. ಈ ಜಿಲ್ಲೆಯು ಹುಟ್ಟಿದುದು ೧೯೩೯ನೆಯ ಇಸವಿ ಜುಲೈ ೧ರಂದು. ಅದಕ್ಕೆ ಹಿಂದಿನ ಯಾವ ವರದಿಯಲ್ಲಿಯೂ ಮಂಡ್ಯ ಜಿಲ್ಲೆಯನ್ನು ಹುಡುಕಿ ಪ್ರಯೋಜನವಿಲ್ಲ. ಮೈಸೂರು ಜಿಲ್ಲೆಯೆಂಬಲ್ಲಿ ನೋಡಬೇಕು. ಕಮಿಷನರುಗಳ ಆಡಳಿತದ ಕಾಲಕ್ಕೆ ಹೋದರೆ ಮೈಸೂರನ್ನೂ ಹಾಸನವನ್ನೂ ಒಳಗೊಂಡ ಅಷ್ಟಗ್ರಾಮ ವಿಭಾಗವೆಂಬುದೊಂದು ಎದುರಾಗುವುದು. ಕೃಷ್ಣರಾಜಪೇಟೆಗೆ ಆಗ ಅತ್ತಿಕುಪ್ಪೆಯೆಂದು ಹೆಸರು. ನೆರೆಯ ಪಾಂಡವಪುರವು ಹಿರೋಡೆಯಾಗಿದ್ದಿತು. ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ದಂಡು ಅಲ್ಲಿ ಬೀಡುಬಿಟ್ಟಿದ್ದುದರಿಂದ ಆಂಗ್ಲರು ಅದನ್ನು ಫ್ರೆಂಚ್ ರಾಕ್ಸ್ ಎಂದು ಬರೆದರು. ನಾವು ಕುಳಿತಿರುವ ಈ ಊರಾದರೂ ಸಿಂಧಘಟ್ಟ, ಸಿಂದಘಟ್ಟ, ಸಿಂಧುಘಟ್ಟ ಎಂದು ಬರೆದವರ ಕಿವಿಗೆ ಕೇಳಿಸಿದಂತೆ ರೂಪವನ್ನು ಬದಲಿಸುತ್ತದೆ. ಇಂದಿನ ಯಂತ್ರಗಳಲ್ಲಿ ಒಂದಕ್ಷರ ವ್ಯತ್ಯಾಸವಾದರೆ "ಇಲ್ಲ" ಎಂಬ ಉತ್ತರ ಬರುವುದು. ಆದಕಾರಣ ಸಂಶೋಧನೆಗೆ ಹೊರಡುವವನು ಮೊದಲು ಮಾಡತಕ್ಕ ಕೆಲಸವೆಂದರೆ, ತನ್ನ ಊರಿನ, ತಾಲ್ಲೂಕಿನ, ಜಿಲ್ಲೆಯ ಹಿಂದಿನ ಹೆಸರುಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು. ಪ್ರಾಧ್ಯಾಪಕರಲ್ಲಿ ಕೂಡ ಇದನ್ನು ಮರೆಯುವವರನ್ನು ನಾನು ಕಂಡಿದ್ದೇನೆ.

ಈ ಹೆಸರುಗಳು ಕೈಯಲ್ಲಿದ್ದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವನ್ನು ತಮ್ಮ ಮನೆಯ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಹೇಳುತ್ತಿದ್ದುದನ್ನು ಕೇಳಿರುವವರು ಇಲ್ಲಿ ಇರಬಹುದು. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರ ಗಣತಿಯಲ್ಲಿ ೫೦,೫೫,೪೧೨ ಇದ್ದುದು, ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನವು ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಕಡಿಮೆಯಾಯಿತು. ಗಂಜಿಯ ಮನೆಗಳು ನಡೆದುವು. ರಸ್ತೆಯ ಕೆಲಸ, ಕೆರೆಯ ಕೆಲಸಗಳನ್ನು ಕೊಟ್ಟು ಕೂಲಿಯನ್ನು ಹಂಚಿದರು. ದಿಕ್ಕಿಲ್ಲದವರಿಗೆ ಅನ್ನವನ್ನು ಹೇಗೆ ಹಂಚಬೇಕು, ಅರ್ಹರನ್ನು ಹೇಗೆ ಗುರುತಿಸಬೇಕು, ಕೂಲಿ ಎಷ್ಟಾದರೆ ಜೀವ ನಿಂತೀತು ಎಂಬ ಪ್ರಶ್ನೆಗಳೆಲ್ಲ ಆಗಲೇ ಎದ್ದು, ಅವುಗಳ ಮೇಲೆ ಅಧಿಕಾರಿಗಳು ಕಾದಾಡಿದರು. ಇಂದಿನ ಸಮಾಜಕಾರ್ಯದ ಪ್ರಶ್ನೆಗಳೂ ಇವೇ. ಡಿಗ್ಬಿ ಎಂಬಾತನು ಮದರಾಸು, ಮುಂಬಯಿ ಮತ್ತು ಮೈಸೂರು ಪ್ರಾಂತಗಳ ಆ ಕ್ಷಾಮವನ್ನು ಕುರಿತು ಎರಡು ಸಂಪುಟಗಳನ್ನು ೧೮೭೮ರಲ್ಲಿಯೇ ಬರೆದು ಪ್ರಕಟಿಸಿದನು. ಅದರ ಹೆಸರಿನಲ್ಲಿ ಕ್ಷಾಮವೆಂಬುದಿದೆ, ದಂಡಯಾತ್ರೆಯೆಂಬುದಿದೆ, ಸಮಾಜಸೇವೆಯೆಂಬುದಿಲ್ಲ. ಆದುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಅದನ್ನು ತೆರೆದವರು ವಿರಳ. ಅತ್ತಿಕುಪ್ಪೆಯನ್ನೂ ಅಷ್ಟಗ್ರಾಮವನ್ನೂ ಅರಿಯದವನು ಆ ಕಾಲದ ಆಡಳಿತ ವರದಿಗಳನ್ನು ತೆರೆದರೂ ತನ್ನ ಊರನ್ನು ದಾಟಿ ಮುಂದೆ ಹೋಗಿಬಿಡುವನು.

ಇನ್ನೊಂದು ನಿಧಿಯನ್ನು ಹೇಳಿಬಿಡುತ್ತೇನೆ. ನನ್ನ ಮಟ್ಟಿಗೆ ಇದಕ್ಕೆ ಸಮನಾದುದು ಬೇರೆ ಇಲ್ಲ. ದಿವಾನ್ ರಂಗಾಚಾರ್ಲು ಅವರು ೧೮೮೧ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ದಿವಾನರ ಮುಂದೆ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳುತ್ತಿದ್ದರು. ಬಾವಿ ಬೇಕು, ಸೇತುವೆ ಬೇಕು, ಆಸ್ಪತ್ರೆ ಬೇಕು, ಕೆರೆಯ ತೂಬು ಒಡೆದಿದೆ ಎಂಬಂತಹ ಮಾತುಗಳು. ಆ ನಡವಳಿಗಳು ಅಚ್ಚಾಗಿರುವುವು. ಸರ್ಕಾರವು ತನ್ನನ್ನು ತಾನು ಹೊಗಳಿಕೊಂಡ ವರದಿಗಳಿಗಿಂತಲೂ ಜನರು ಕೇಳಿಕೊಂಡ ಈ ಅರಿಕೆಗಳು ಸಂಶೋಧಕನಿಗೆ ಹೆಚ್ಚು ಉಪಯುಕ್ತವಾದುವು. ಏಕೆಂದರೆ ಕೊಟ್ಟದ್ದನ್ನು ಬರೆದಿಡುವವರು ಬಹಳ, ಕೇಳಿದ್ದನ್ನು ಬರೆದಿಡುವವರು ಕಡಿಮೆ. ಅದರ ಜೊತೆಗೆ ಹಿಂದುಳಿದ ವರ್ಗಗಳಿಗೆ ವಿದ್ಯೆ ಉದ್ಯೋಗಗಳು ದೊರೆಯದಿರುವುದನ್ನು ಪರಿಶೀಲಿಸಿ ೧೯೧೯ರಲ್ಲಿ ಮಿಲ್ಲರ್ ಸಮಿತಿಯು ಕೊಟ್ಟ ವರದಿಯನ್ನೂ, ೧೯೭೫ರಲ್ಲಿ ಹಾವನೂರು ಆಯೋಗವು ಕೊಟ್ಟ ವರದಿಯನ್ನೂ ಓದಿದರೆ, ಒಂದೇ ನಾಡಿನಲ್ಲಿ ಐವತ್ತಾರು ವರ್ಷಗಳಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದು ಗೋಚರವಾಗುವುದು.

ಶಾಸನಗಳ ವಿಷಯವಾಗಿ ಬಹಳ ಹೇಳಲಾರೆನು. ರೈಸ್ ಸಾಹೇಬರ ನಾಲ್ಕನೆಯ ಸಂಪುಟವು ೧೮೯೮ರಲ್ಲಿ ಪ್ರಕಟವಾಯಿತು. ಕೃಷ್ಣರಾಜಪೇಟೆ, ನಾಗಮಂಗಲಗಳ ಶಾಸನಗಳು ಅದರಲ್ಲಿರುವುವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಅದನ್ನು ಪರಿಷ್ಕರಿಸಿ ಹೊರತಂದಾಗ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಈ ಮೂರು ತಾಲ್ಲೂಕುಗಳು ೧೯೭೭ರ ಆರನೆಯ ಸಂಪುಟಕ್ಕೂ, ನಾಗಮಂಗಲವು ಏಳನೆಯದಕ್ಕೂ ಸೇರಿದುವು. ಇದು ರಾಜರ ಚರಿತ್ರೆಯಲ್ಲವೇ, ನಮಗೇತಕ್ಕೆ ಎನ್ನಬೇಡಿರಿ. ಈ ಊರಿನ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವನ್ನು ನೋಡಲು ಬಂದವರಿಗೆ, ಇದೇ ಊರಿನಲ್ಲಿ ವಿಜಯನಗರದ ಕಾಲದ, ೧೬ನೆಯ ಶತಮಾನದ ಶಾಸನವೊಂದು ಮಸೀದಿಗೆ ಬಿಟ್ಟ ದತ್ತಿಯನ್ನು ಹೇಳುವುದೆಂಬುದು ತಿಳಿದಿರುವುದಿಲ್ಲ. ಒಂದೂರಿನಲ್ಲಿ ನಾನಾ ಮತದವರು ಹೇಗೆ ಬಾಳಿದರು, ದಾನದ ಭೂಮಿಯು ಯಾರ ಕೈಯಿಂದ ಯಾರಿಗೆ ಸಂದಿತು ಎಂಬುದೂ ಸಮಾಜದ ಅಧ್ಯಯನವೇ.

ಇನ್ನು ಹಳ್ಳಿಗಳನ್ನೇ ಕುರಿತು ಬರೆದ ಗ್ರಂಥಗಳಿಗೆ ಬರುತ್ತೇನೆ. ಇಲ್ಲಿ ಒಂದು ವಿನೋದವಿದೆ. ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ವಿದುಷಿಯು ೧೯೫೪ರಿಂದ ೧೯೫೬ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿದ್ದು, ಕಾಲುವೆಯ ನೀರು ಬಂದ ಹಳ್ಳಿಯು ಹೇಗಾಯಿತು, ನೀರು ಬಾರದ ಹಳ್ಳಿಯು ಹೇಗಾಯಿತು ಎಂಬುದನ್ನು ೧೯೬೨ರಲ್ಲಿ ಪ್ರಕಟಿಸಿದಳು. ನೀರು ಬಂದ ಊರಿನ ಜನರು ಕಬ್ಬನ್ನು ಬೆಳೆದು ಹಣವನ್ನು ಕಂಡರೂ ಹಳೆಯ ಕಟ್ಟುಪಾಡಿನಲ್ಲಿಯೇ ಉಳಿದರು. ನೀರು ಬಾರದವರೇ ಪೇಟೆಯ ಕಡೆಗೆ ಮುಖಮಾಡಿ, ಹೊಸ ಕಸುಬುಗಳನ್ನು ಹಿಡಿದು, ಹೆಚ್ಚು ಬದಲಾದರು ಎಂಬುದು ಆಕೆಯ ನಿರ್ಣಯ. ನಮ್ಮ ಜಿಲ್ಲೆಯನ್ನು ಕುರಿತ ಇಂತಹ ಮಹತ್ತ್ವದ ಪುಸ್ತಕವನ್ನು ನಮ್ಮ ಮಕ್ಕಳು ಕಾಣದಿರುವುದೇತಕ್ಕೆ? ಅದರಲ್ಲಿ ಆ ಊರುಗಳ ಹೆಸರು ವಂಗಲ, ದಲೇನ ಎಂದಿದೆ. ಅಂತಹ ಊರುಗಳು ಯಾವ ನಕ್ಷೆಯಲ್ಲಿಯೂ ಇಲ್ಲ. ಅವು ಕಲ್ಪಿತ ನಾಮಗಳು. ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿದ್ದು ಅಧ್ಯಯನ ಮಾಡಿದರು. ಅವರೂ ಅದನ್ನು ರಾಂಪುರವೆಂದು ಕರೆದರು. ಇಂತಹ ಗ್ರಂಥಗಳನ್ನು ಊರಿನ ಹೆಸರಿನಿಂದ ಹುಡುಕಬಾರದು. ಬರೆದವರ ಹೆಸರಿನಿಂದಲೂ ಜಿಲ್ಲೆಯ ಹೆಸರಿನಿಂದಲೂ ಹುಡುಕಬೇಕು. ಒಂದು ಒಳ್ಳೆಯ ಗ್ರಂಥವು ದೊರೆತರೆ ಅದರ ಕಡೆಯ ಪುಟಗಳಲ್ಲಿ ಗ್ರಂಥಕರ್ತನು ತಾನು ಓದಿದ ಪುಸ್ತಕಗಳನ್ನು ಹೇಳಿರುವನು. ಆ ಕಡೆಯ ಪುಟಗಳೇ ವಿದ್ಯಾರ್ಥಿಗೆ ದಾರಿಯ ಬುತ್ತಿ. ಮುನ್ನುಡಿಯನ್ನು ಓದದಿದ್ದರೂ ಚಿಂತೆಯಿಲ್ಲ, ಅವುಗಳನ್ನು ಓದದೆ ಪುಸ್ತಕವನ್ನು ಹಿಂದಿರುಗಿಸಬೇಡಿರಿ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆನು. ಕನ್ನಡದ ಮಕ್ಕಳು ಎಚ್. ಎಂ. ಮರುಳಸಿದ್ಧಯ್ಯನವರು ಮಾಕುಂಟಿಯ ವೃದ್ಧರನ್ನು ಕುರಿತು ೧೯೬೯ರಲ್ಲಿ ಹೊರತಂದ ಪುಸ್ತಕವನ್ನೂ ನೋಡಬೇಕು. ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಮುದುಕರು ಹೇಗಿರುವರೆಂದು ಇಂದು ಕೇಳುವವರಿಗೆ, ಆ ಪ್ರಶ್ನೆಯನ್ನು ಒಂದು ಹಳ್ಳಿಯಲ್ಲಿ ಕುಳಿತು ಮೊದಲೇ ಕೇಳಿದವರಿರುವರೆಂಬುದು ತಿಳಿಯುವುದು.

ಊರಿನ ಹೆಸರನ್ನು ಮರೆಮಾಡಿದುದು ವಿದ್ಯಾರ್ಥಿಗಳಿಗೆ ತೊಡಕೆಂದೆನು. ಆದರೆ ಅದು ಮರ್ಯಾದೆಯ ಕ್ರಮ. ಬಡವನ ಸಾಲವೂ, ರೋಗಿಯ ರೋಗವೂ, ಮನೆಯ ಜಗಳವೂ ಸಂಶೋಧಕನಿಗೆ ತಿಳಿಯುವುವು. ಅವು ಆತನಿಗೆ ನಂಬಿ ಕೊಟ್ಟ ಒಡವೆಗಳು. ಅಚ್ಚಿನಲ್ಲಿ ಹೆಸರುಹಿಡಿದು ಹೇಳತಕ್ಕವಲ್ಲ. ನಾನು ಹೇಳಿದ ಹುಡುಗಿಗೂ ಇದನ್ನೇ ಹೇಳಿದೆನು. ಮುಂಬಯಿಯಿಂದ ಬಂದವರನ್ನು ಇರಿಸಿದ್ದ ಶಾಲೆಗಳಲ್ಲಿ ಹೆಸರುಗಳ ಪಟ್ಟಿಯನ್ನು ಬರೆದಿದ್ದರಷ್ಟೆ. ಅದು ದೊರೆತರೆ ಎಣಿಕೆಗೆ ಬಳಸು, ಒಬ್ಬರ ಹೆಸರನ್ನೂ ಬರೆಯಬೇಡ ಎಂದೆನು. ಆಕೆಯು ಎರಡು ಶಾಲೆಗಳಲ್ಲಿ ವಿಚಾರಿಸಿದಳು. ಒಂದರಲ್ಲಿ ಪಟ್ಟಿ ಇತ್ತು. ಇನ್ನೊಂದರಲ್ಲಿ ಕೊಠಡಿಗೆ ಸುಣ್ಣ ಹೊಡೆಯುವಾಗ ಎತ್ತಿಹಾಕಿದರಂತೆ. ೧೮೭೭ರ ಗಂಜಿಯ ಮನೆಯ ಲೆಕ್ಕವು ಅಚ್ಚಿನಲ್ಲಿ ಉಳಿದಿರಲು, ನಮ್ಮ ಕಣ್ಣೆದುರಿನ ೨೦೨೦ರ ಲೆಕ್ಕವು ಸುಣ್ಣದ ನೀರಿನಲ್ಲಿ ಹೋಯಿತು! ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಆ ವರ್ಷ ನಡೆಯಲೂ ಇಲ್ಲ. ಆದುದರಿಂದ ಆ ಕಾಲದಲ್ಲಿ ಯಾರು ಎಲ್ಲಿದ್ದರೆಂಬುದಕ್ಕೆ ಇಂತಹ ಬಿಡಿ ಹಾಳೆಗಳ ಬೆಲೆಯು ಇಮ್ಮಡಿಯಾಗಿದೆ.

ಜನಗಣತಿಯ ಮಾತು ಬಂದುದರಿಂದ ಒಂದೆರಡು ಸಂಗತಿಗಳು. ೧೯೫೧ರಿಂದ ಜಿಲ್ಲೆಗೊಂದರಂತೆ ಗಣತಿಯ ಕೈಪಿಡಿಗಳು ಬಂದಿರುವುವು. ಊರೂರಿನ ಎಣಿಕೆಯನ್ನು ಅವುಗಳಲ್ಲಿ ನೋಡಬಹುದು. ೧೯೬೧ರಲ್ಲಿ ಆಯ್ದ ಕೆಲವು ಹಳ್ಳಿಗಳನ್ನು ಕುರಿತು ಪ್ರತ್ಯೇಕ ಗ್ರಂಥಗಳನ್ನೇ ಮಾಡಿದರು. ಮನೆಯ ಮಾಡಿನಿಂದ ಮದುವೆಯ ಖರ್ಚಿನವರೆಗೆ ಅವುಗಳಲ್ಲಿದೆ. ಮಂಡ್ಯ ಜಿಲ್ಲೆಯ ಗೆಜೆಟಿಯರು ೧೯೬೭ರಲ್ಲಿ ಬಂದಿತು. ಈ ಗ್ರಂಥಗಳಲ್ಲಿ ಹಲವು ಈಗ ಅಂತರ್ಜಾಲದಲ್ಲಿ ಮನೆಯಲ್ಲಿಯೇ ಕುಳಿತು ಓದುವಂತೆ ದೊರೆಯುವುವು. ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಸಿದ ಮಹಾಪ್ರಬಂಧಗಳನ್ನು ಶೋಧಗಂಗಾ ಎಂಬ ಭಂಡಾರದಲ್ಲಿ ಸೇರಿಸಿರುವರು. ತಾನು ಆರಿಸಿಕೊಂಡ ವಿಷಯವನ್ನು ಮತ್ತೊಬ್ಬನು ಮೊದಲೇ ಬರೆದಿರುವನೇ ಎಂಬುದನ್ನು ಅಲ್ಲಿ ನೋಡದೆ ಯಾರೂ ಲೇಖನಿಯನ್ನು ಎತ್ತಬಾರದು. ಇದಕ್ಕೆ ಹಣ ಬೇಕಾಗಿಲ್ಲ. ಊರ ಪಂಚಾಯತಿಯ ಗ್ರಂಥಾಲಯವನ್ನು ಈಗ ಅರಿವು ಕೇಂದ್ರವೆಂದು ಕರೆಯುತ್ತಿರುವರು. ಬರಿಯ ದಿನಪತ್ರಿಕೆಯನ್ನು ಓದುವ ಜಗುಲಿಯೆಂದು ಅದನ್ನು ಕಡೆಗಣಿಸದೆ, ಅಲ್ಲಿ ಗಣಕಯಂತ್ರವಿದ್ದರೆ ಅದರ ಮುಂದೆ ಕುಳಿತು ಈ ಕೆಲಸವನ್ನು ಮಾಡಬಹುದು. ಆದರೆ ಒಂದು ಎಚ್ಚರಿಕೆ. ಯಂತ್ರದಲ್ಲಿಲ್ಲದ್ದು ಲೋಕದಲ್ಲಿಯೇ ಇಲ್ಲವೆಂದು ತಿಳಿಯುವ ಒಂದು ಹೊಸ ಮೂಢನಂಬಿಕೆಯು ಹುಟ್ಟಿಕೊಂಡಿದೆ. ಕನ್ನಡದ ಕಾಗದಗಳಲ್ಲಿ ಬಹುಪಾಲು ಇನ್ನೂ ಯಂತ್ರದ ಹೊರಗೇ ಇರುವುವು.

ಎಲ್ಲಿರುವುವು? ಸ್ವಲ್ಪ ತಮ್ಮ ತಮ್ಮ ಮನೆಗಳ ಅಟ್ಟಗಳನ್ನು ನೆನೆಯಿರಿ. ಹಳಕಟ್ಟಿಯವರ ಹೆಸರನ್ನು ಈ ಸಭೆಗೆ ನಾನು ಪರಿಚಯಿಸಬೇಕಾಗಿಲ್ಲ. ೧೯೨೩ರಲ್ಲಿ ವಚನಶಾಸ್ತ್ರಸಾರವು ಅಚ್ಚಾಗುವುದಕ್ಕೆ ಮೊದಲು ಆ ಮಹನೀಯರು ಓಲೆಯ ಕಟ್ಟುಗಳನ್ನರಸಿ ಊರೂರು ಅಲೆದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಿಲ್ಲಿಸಲು ತಮ್ಮ ಮನೆಯನ್ನೇ ಮಾರಿದರು. ಆ ಕಟ್ಟುಗಳು ಎಲ್ಲಿದ್ದುವು? ದೊಡ್ಡ ಗ್ರಂಥಾಲಯಗಳಲ್ಲಲ್ಲ, ಭಕ್ತರ ಮನೆಗಳಲ್ಲಿ, ಮಠಗಳ ಮೂಲೆಗಳಲ್ಲಿ. ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವು ಬಂದುದು ತಂಜಾವೂರು ಸೀಮೆಯ ಪಂಡಿತರೊಬ್ಬರ ಕೈಯಿಂದ. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದರು. ಯಾರೋ ಒಬ್ಬರು ತಮ್ಮಲ್ಲಿದ್ದುದನ್ನು ಒಲೆಗೆ ಹಾಕದೆ ತಂದುಕೊಟ್ಟುದರಿಂದ ಲೋಕಕ್ಕೆ ಆ ಗ್ರಂಥವು ದೊರೆಯಿತು.

ಸಮಾಜಕಾರ್ಯದ ವಿದ್ಯಾರ್ಥಿಗೆ ಬೇಕಾಗಿರುವುದು ಇಂತಹ ಅಪೂರ್ವ ಗ್ರಂಥವಲ್ಲ. ಯಾರೂ ಗ್ರಂಥವೆಂದೇ ಎಣಿಸದ ಪುಸ್ತಕಗಳು. ವಿದ್ಯಾರ್ಥಿನಿಲಯದ ದಾಖಲಾತಿ ಪುಸ್ತಕ, ದಾಸೋಹದ ಕಿರ್ದಿ, ಸಂಘದ ಸಭೆಯ ನಡವಳಿ, ಜಾತ್ರೆಯ ಜಮಾಖರ್ಚು. ಧಾರವಾಡದಲ್ಲಿ ೧೮೮೩ರಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯಿಂದ ಹಿಡಿದು, ಸಿದ್ಧಗಂಗೆ, ಸುತ್ತೂರು ಮೊದಲಾದ ಮಠಗಳವರೆಗೆ ಬಡಮಕ್ಕಳಿಗೆ ಅನ್ನ ವಿದ್ಯೆಗಳನ್ನು ಕೊಟ್ಟ ಚರಿತ್ರೆಯನ್ನು ನಾವು ಸಭೆಗಳಲ್ಲಿ ಸಾವಿರ ಸಲ ಕೊಂಡಾಡುತ್ತೇವೆ. ಆದರೆ ಯಾವ ಊರಿನಿಂದ ಮೊದಲನೆಯ ಹುಡುಗನು ಬಂದನು, ಆತನ ತಂದೆಯ ಕಸುಬೇನು, ಎಷ್ಟು ಜನರು ಬಿತ್ತನೆಯ ಕಾಲದಲ್ಲಿ ಓದನ್ನು ಬಿಟ್ಟುಹೋದರು, ಬರದ ವರ್ಷ ಸಾಲಿನಲ್ಲಿ ಎಷ್ಟು ಎಲೆಗಳು ಹೆಚ್ಚಿದುವು, ಬೇರೆ ಜಾತಿಯ ಮಕ್ಕಳು ಎಂದಿನಿಂದ ಪಂಕ್ತಿಯಲ್ಲಿ ಕುಳಿತರು ಎಂದು ಯಾರಾದರೂ ಕೇಳಿದರೆ, ಹೊಗಳಿಕೆಯಿಂದ ಉತ್ತರ ಹೇಳಲಾಗುವುದಿಲ್ಲ. ದಾಖಲಾತಿಯ ಪುಸ್ತಕದಿಂದ ಮಾತ್ರ ಹೇಳಬಹುದು.

ಈ ಮಾತನ್ನು ನಾನು ಅಧಿಕಾರದಿಂದ ಹೇಳುತ್ತಿಲ್ಲ, ಪಶ್ಚಾತ್ತಾಪದಿಂದ ಹೇಳುತ್ತಿದ್ದೇನೆ. ನನ್ನ ಯೌವನದಲ್ಲಿ, ನಾನಿದ್ದ ಗ್ರಂಥಾಲಯದಲ್ಲಿ ಸ್ಥಳ ಸಾಲದೆ, ಬೇಡವಾದುದನ್ನು ತೆಗೆದುಹಾಕಬೇಕೆಂದು ಆಜ್ಞೆಯಾಯಿತು. ಒಂದು ಮ�ೂಲೆಯಲ್ಲಿ ಉಚಿತ ವಿದ್ಯಾರ್ಥಿನಿಲಯಗಳ ವಾರ್ಷಿಕ ವರದಿಗಳು ಕಟ್ಟುಕಟ್ಟಾಗಿ ಬಿದ್ದಿದ್ದುವು. ಹದಿನಾರು ಪುಟ, ಇಪ್ಪತ್ತು ಪುಟದ ತೆಳು ಹೊತ್ತಗೆಗಳು. ಕೆಲವಕ್ಕೆ ರಕ್ಷಾಪತ್ರವೂ ಇರಲಿಲ್ಲ. ಅವುಗಳಿಗೆ ಯಾರೂ ದಾಖಲೆಯ ಅಂಕವನ್ನು ಕೊಟ್ಟಿರಲಿಲ್ಲವಾದುದರಿಂದ ನನ್ನ ಪಟ್ಟಿಯಲ್ಲಿ ಅವು ಪುಸ್ತಕಗಳೇ ಅಲ್ಲ. ನಾನೇ ರುಜುಹಾಕಿ ತೂಕದ ಅಂಗಡಿಗೆ ಕಳುಹಿಸಿದೆನು. ಸ್ಥಳವು ತೆರವಾಯಿತೆಂದು ಮೇಲಿನವರು ಮೆಚ್ಚಿದರು. ಇಪ್ಪತ್ತು ವರ್ಷಗಳಾದ ಮೇಲೆ ಒಬ್ಬ ಸಂಶೋಧಕರು ಬಂದು, ಹಳ್ಳಿಯ ಬಡಹುಡುಗರ ಮೊದಲನೆಯ ತಲೆಮಾರು ಪೇಟೆಯಲ್ಲಿ ಹೇಗೆ ಓದಿತೆಂಬುದನ್ನು ಬರೆಯುತ್ತಿರುವೆನೆಂದೂ, ಅಂತಹ ವರದಿಗಳು ತಮ್ಮಲ್ಲಿರುವುವೆಂದು ಕೇಳಿ ಬಂದಿರುವೆನೆಂದೂ ಹೇಳಿದರು. ನಾನು ಸುಮ್ಮನೆ ನಿಂತೆನು. ಅವರು ಬೇರೆ ನಾಲ್ಕೈದು ಊರುಗಳಿಗೆ ಹೋಗಿ ಹುಡುಕಿದರು, ದೊರೆಯಲಿಲ್ಲ. ಕಡೆಗೆ ಆ ಅಧ್ಯಾಯವನ್ನು ಬಿಟ್ಟು ಪುಸ್ತಕವನ್ನು ಮುಗಿಸಿದರು. ನನಗೆ ಒಂದು ಪ್ರತಿಯನ್ನು ಪ್ರೀತಿಯಿಂದ ಕಳುಹಿಸಿದ್ದಾರೆ. ಆ ಅಧ್ಯಾಯವಿಲ್ಲದುದು ಯಾರಿಗೂ ಗೊತ್ತಾಗದು, ನನಗೆ ಗೊತ್ತಿದೆ.

ಶ್ರೀನಿವಾಸರ ಸಂಗತಿಯನ್ನು ಕೆಲವರು ಇದಕ್ಕೆ ಎದುರಾಗಿ ಹೇಳುವರು. ೧೯೭೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಾನುವರ್ಷ ತಿದ್ದಿ ಸಿದ್ಧಗೊಳಿಸಿದ್ದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುವು. ಆದರೂ ಅವರು ನೆನಪಿನಿಂದಲೇ ರಾಂಪುರದ ಗ್ರಂಥವನ್ನು ಬರೆದು ೧೯೭೬ರಲ್ಲಿ ಪ್ರಕಟಿಸಿದರಲ್ಲವೇ ಎಂದು. ಬರೆದರು, ಅದು ಶ್ರೇಷ್ಠ ಗ್ರಂಥವೂ ಆಯಿತು. ಆದರೆ ಅವರು ಆ ಊರಿನಲ್ಲಿ ಇದ್ದು ಕಂಡವರು, ಕಂಡವರಿಗೆ ನೆನಪಿರುವುದು. ನಮ್ಮ ಅಜ್ಜಂದಿರ ಕಿರ್ದಿಯು ಸುಟ್ಟುಹೋದರೆ ನೆನಪಿನಿಂದ ಅದನ್ನು ಬರೆಯುವವರು ಯಾರು?

ಕಾಗದಗಳನ್ನು ಕಾಯುವುದು ಕಷ್ಟದ ವಿದ್ಯೆಯೇನೂ ಅಲ್ಲ. ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಬೇಕು. ಗೋಣಿಯಲ್ಲಿ ತುಂಬದೆ ಒಗೆದ ಹತ್ತಿಯ ಬಟ್ಟೆಯಲ್ಲಿ ಕಟ್ಟಬೇಕು. ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಬಿಚ್ಚಿ ಗಾಳಿಗೆ ಹಾಕಬೇಕು. ಬಿಸಿಲಿನಲ್ಲಿ ಹಾಕಿದರೆ ಹಾಳೆಗಳು ಸಂಡಿಗೆಯಂತೆ ಮುರಿಯುವುವು. ಗೆದ್ದಲು ಕಂಡರೆ ಆ ಕಟ್ಟನ್ನು ಬೇರೆಯಾಗಿರಿಸಬೇಕು. ಕಟ್ಟಿನ ಮೇಲೆ ಚೀಟಿ ಬರೆದು, ಒಳಗೇನಿದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾರ ಕೈಬರಹ ಎಂಬುದನ್ನು ನಮೂದಿಸಬೇಕು. ಕೈಬರಹವು ಯಾರದೆಂದು ಬಲ್ಲ ಹಿರಿಯರು ಇರುವಾಗಲೇ ಕೇಳಿಕೊಳ್ಳಬೇಕು. ಈ ಒಂದು ಸಂಗತಿಯನ್ನು ಯಾವ ಯಂತ್ರವೂ ಮುಂದೆ ಹೇಳಲಾರದು. ಮೂಲವನ್ನು ಮನೆಯಿಂದ ಕೊಡಲು ಮನಸ್ಸಿಲ್ಲದಿದ್ದರೆ ಚಿತ್ರ ತೆಗೆಸಿ ಪ್ರತಿಯನ್ನು ಕೊಡಬಹುದು. ಅವರವರ ಮನೆಯ ಗುಟ್ಟಿರುವ ಪುಟಗಳಿದ್ದರೆ ಇಂತಿಷ್ಟು ವರ್ಷ ತೋರಿಸಕೂಡದೆಂದು ಬರೆದುಕೊಟ್ಟರಾಯಿತು.

ನಿನ್ನೆ ಸಂಜೆ ನಾನು ಇಳಿದುಕೊಂಡಿರುವ ಮನೆಯಲ್ಲಿ ಮಹೋತ್ಸವಕ್ಕಾಗಿ ಸಾರಣೆ ಕಾರಣೆ ನಡೆಯುತ್ತಿತ್ತು. ಅಟ್ಟದಿಂದ ಎರಡು ಗೋಣಿಚೀಲಗಳನ್ನು ಇಳಿಸಿ ಹಿತ್ತಲಿನ ನೀರೊಲೆಯ ಪಕ್ಕದಲ್ಲಿಟ್ಟಿದ್ದರು. ಬೆಳಗಿನಲ್ಲಿ ನನ್ನ ಸ್ನಾನಕ್ಕೆ ನೀರು ಕಾಯಿಸಿದುದು ಅವುಗಳಲ್ಲೊಂದರಿಂದಲೇ ಎಂಬುದು ತಡವಾಗಿ ತಿಳಿಯಿತು. ಅತಿಥಿಯೆಂಬ ಆದರದಿಂದ ಮಾಡಿದ ಕೆಲಸ. ಆ ತಾಯಿಯವರು ನೊಂದುಕೊಳ್ಳಬಾರದು. ಎರಡನೆಯ ಚೀಲದಲ್ಲಿ ಕೈಹಾಕಿ ಒಂದು ಪುಸ್ತಕವನ್ನು ತೆಗೆದೆನು. ಆ ಮನೆಯ ಅಜ್ಜನವರು ಸುಗ್ಗಿಯ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಂದ ರಾಗಿ ಭತ್ತಗಳನ್ನು ಕೂಡಿಸಿ, ಓದುವ ಹುಡುಗರ ಊಟಕ್ಕೆಂದು ಗಾಡಿಯಲ್ಲಿ ಕಳುಹಿಸುತ್ತಿದ್ದ ಲೆಕ್ಕವದು. ಹಳ್ಳಿಯ ಹೆಸರು, ಒಕ್ಕಲಿನ ಹೆಸರು, ಕೊಳಗ, ಸೇರು. ಎಲ್ಲ ಜಾತಿಯ ಹೆಸರುಗಳೂ ಇರುವುವು. ಕೆಲವು ಹೆಸರುಗಳ ಎದುರಿಗೆ "ಈ ವರುಷ ಇಲ್ಲ, ಕೇಳಕೂಡದು" ಎಂದು ಸಣ್ಣಕ್ಷರದಲ್ಲಿ ಬರೆದಿದೆ. ಮುಂದಿನ ವರ್ಷದ ಪುಟವನ್ನು ತಿರುವಿದೆನು. ಆ ಹೆಸರುಗಳಲ್ಲಿ ಒಂದರ ಮುಂದೆ ಅರ್ಧ ಸೇರು ಎಂದಿತ್ತು. ಅಷ್ಟರಲ್ಲಿ ಸಭೆಗೆ ಹೊತ್ತಾಯಿತೆಂದು ಕರೆದರು.

ನಾನು ಸೋಮವಾರದವರೆಗೂ ಈ ಊರಿನಲ್ಲಿರುತ್ತೇನೆ. ಮೊದಲು ಹೇಳಿದ ಹುಡುಗಿಯೂ ಆಕೆಯ ಗೆಳತಿಯೂ ನಾಳೆ ಬರುವರು; ಅವರಿಗೆ ಈ ಕೈಬರಹವನ್ನು ಓದಲು ಕಲಿಸಬೇಕೆಂದಿದ್ದೇನೆ. ಒಂದು ಮೇಜು, ಒಂದು ದೀಪ, ನಾಲ್ಕು ಮೊಳ ಬಿಳಿಯ ಬಟ್ಟೆ ಸಾಕು. ಬೇರೆ ಮನೆಗಳಲ್ಲಿ ಇಂತಹ ಚೀಲಗಳಿದ್ದರೆ ಅಲ್ಲಿಗೂ ನಾವೇ ಬರುತ್ತೇವೆ. ಅಷ್ಟರವರೆಗೆ ಆ ಎರಡನೆಯ ಚೀಲವನ್ನು ನೀರೊಲೆಯ ಪಕ್ಕದಿಂದ ಎತ್ತಿ ನಡುಮನೆಯಲ್ಲಿಡಬೇಕೆಂದು ಮನೆಯವರಲ್ಲಿ ಪ್ರಾರ್ಥಿಸುತ್ತೇನೆ.